8.2 ಪರ್ಸೆಂಟ್ ಎಲ್ಲಿಂದ ಬಂತು? ಜಪಾನಿನ 43 ವರ್ಷದ ಫ್ಲ್ಯಾಟಿನ ಕಥೆ

ಬೆಲೆ 1 ಕೋಟಿ 20 ಲಕ್ಷ ಯೆನ್. ತಿಂಗಳ ಬಾಡಿಗೆ 82,000 ಯೆನ್, ಬಾಡಿಗೆದಾರರು ಆಗಲೇ ಒಳಗಿದ್ದಾರೆ. ವರ್ಷಕ್ಕೆ 9,84,000 ಯೆನ್, ಅಂದರೆ ಬೆಲೆಯ 8.2 ಪರ್ಸೆಂಟ್. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು ಈ ಕೊನೆಯ ಅಂಕಿ ಒಂದೇ.

ಕೊಳ್ಳಲು ಹೊರಟವನು ನನ್ನ ಗೆಳೆಯ. ಹಾಸನ ಕಡೆಯವನು, ಟೋಕಿಯೋದ ನಿಶಿಕಸಾಯಿಯಲ್ಲಿ ಇದ್ದಾನೆ, ಸಾಫ್ಟ್‌ವೇರ್ ಕೆಲಸ. ನಿಶಿಕಸಾಯಿ ಅಂದರೆ ಎಡೊಗಾವಾ ವಾರ್ಡು, ಭಾರತದವರು ತುಂಬಾ ಇರುವ ಜಾಗ. ಅಲ್ಲಿಂದ ತೊಜಾಯ್ ಮೆಟ್ರೋ ಲೈನಿನಲ್ಲಿ ಹೊಳೆ ದಾಟಿ ಮುಂದೆ ಹೋದರೆ ಚಿಬಾ ಪ್ರಾಂತ್ಯದ ಇಚಿಕಾವಾ ನಗರದ ಗ್ಯೋಟೊಕು ಸ್ಟೇಷನ್ ಸಿಗುತ್ತದೆ. ಫ್ಲ್ಯಾಟ್ ಇದ್ದದ್ದು ಅಲ್ಲಿ. ಸ್ಟೇಷನ್ನಿನಿಂದ ಹತ್ತು ನಿಮಿಷ ನಡಿಗೆ. ಈ ದೇಶದಲ್ಲಿ ಜಾಹೀರಾತಿನ ಒಂದು ನಿಮಿಷ ಅಂದರೆ 80 ಮೀಟರ್ ಅಂತ ನಿಯಮವೇ ಇದೆ, ಹಾಗಾಗಿ ಆ ಹತ್ತು ನಿಮಿಷವನ್ನು ನಂಬಬಹುದು. ಆರು ಮಹಡಿ, 48 ಮನೆ, ಇದು ನಾಲ್ಕನೇ ಮಹಡಿಯ 40 ಚದರ ಮೀಟರ್ ಮನೆ, ಎರಡು ಕೋಣೆ ಮತ್ತು ಊಟದ ಜಾಗ ಇರುವ ಅಡುಗೆಮನೆ. 1982ರ ಮಾರ್ಚ್‌ನಲ್ಲಿ ಕಟ್ಟಿ ಮುಗಿಸಿದ್ದು. ಅವನು ನೋಡಿದ್ದು 2025ರ ಶುರುವಿನಲ್ಲಿ. (ಕಟ್ಟಡದ ಗುರುತು ಬೇಕೆಂದೇ ಬಿಟ್ಟಿದ್ದೇನೆ, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.)

ಅವನ ಲೆಕ್ಕ ಸರಳವಾಗಿತ್ತು. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಟ್ಟರೆ ಇಷ್ಟು ಹುಟ್ಟುವುದು ಕಷ್ಟ, ಇಲ್ಲಿ ಎಂಟು ಕೊಡುತ್ತೇವೆ ಅನ್ನುತ್ತಿದ್ದಾರೆ, ಯೆನ್ ಬೇರೆ ಬಿದ್ದಿದೆ, 1.2 ಕೋಟಿ ಯೆನ್ ಅಂದರೆ ಸುಮಾರು 68 ಲಕ್ಷ ರೂಪಾಯಿ, ಅಷ್ಟಕ್ಕೆ ಟೋಕಿಯೋ ಪಕ್ಕದಲ್ಲಿ ಮನೆ. "ಇದರಲ್ಲಿ ಯೋಚನೆ ಮಾಡೋದೇನಿದೆ ಹೇಳು" ಅಂದ. ಜಪಾನೀ ಕಾಗದ ಓದುವುದು ನನ್ನ ಕೆಲಸದ ಭಾಗ, ಅದಕ್ಕೇ ನನ್ನ ಹತ್ತಿರ ಬಂದಿದ್ದ. ಕಾಗದ ಓದುತ್ತಾ ಹೋದಂತೆ ಆ 8.2 ಎಲ್ಲಿಂದ ಬಂತು ಅನ್ನುವುದು ಗೊತ್ತಾಯಿತು. ಕಟ್ಟಡದ ರಿಪೇರಿಗೆ ಅಂತ ಎತ್ತಿಡಬೇಕಾಗಿದ್ದ ದುಡ್ಡನ್ನು ವರ್ಷಗಟ್ಟಲೆ ಎತ್ತಿಡದೇ ಇದ್ದದ್ದರಿಂದ ಬಂದದ್ದು ಅದರಲ್ಲಿ ಒಂದು ದೊಡ್ಡ ಪಾಲು.

ಮೊದಲು ತಾರೀಖಿನ ವಿಷಯ. ಜಪಾನಿನಲ್ಲಿ ಹಳೇ ಕಟ್ಟಡ ಅಂದಕೂಡಲೇ ಎಲ್ಲರೂ ಕೇಳುವುದು ಭೂಕಂಪ ತಡೆಯುವ ಹಾಗೆ ಕಟ್ಟುವ ನಿಯಮ ಹಳೆಯದೋ ಹೊಸದೋ ಅಂತ. 1978ರಲ್ಲಿ ಮಿಯಾಗಿ ಕಡೆ ದೊಡ್ಡ ಭೂಕಂಪ ಆಯಿತು, ಆಮೇಲೆ ನಿಯಮ ಬಿಗಿ ಮಾಡಿದರು, ಅದು 1981ರ ಜೂನ್ 1ರಿಂದ ಜಾರಿಗೆ ಬಂತು. 1982ರಲ್ಲಿ ಕಟ್ಟಿದ್ದು ಅಂದಮೇಲೆ ಹೊಸ ನಿಯಮದ್ದೇ ಅಲ್ವಾ ಅಂತ ಅವನು ಅಂದುಕೊಂಡಿದ್ದ. ಹಾಗಲ್ಲ. ಲೆಕ್ಕಕ್ಕೆ ಬರುವುದು ಕಟ್ಟಿ ಮುಗಿಸಿದ ದಿನ ಅಲ್ಲ, ನಕ್ಷೆಗೆ ಸರ್ಕಾರದ ಒಪ್ಪಿಗೆ ಸಿಕ್ಕ ದಿನ. ಆರು ಮಹಡಿ ಕಟ್ಟಲು ಸುಮಾರು ಒಂದು ವರ್ಷ ಹಿಡಿಯುತ್ತದೆ, ಹಾಗಾಗಿ 1982, 1983ರಲ್ಲಿ ಮುಗಿದ ಎಷ್ಟೋ ಕಟ್ಟಡಗಳು ಹಳೇ ನಿಯಮದವು. ನಗರ ಕಚೇರಿಯಲ್ಲಿ ಕೆಲವು ನೂರು ಯೆನ್ ಕೊಟ್ಟರೆ ರಿಜಿಸ್ಟರಿನ ನಕಲು ಕೊಡುತ್ತಾರೆ. ತೆಗೆಸಿ ನೋಡಿದರೆ ಒಪ್ಪಿಗೆ ಸಿಕ್ಕಿದ್ದು 1980ರ ನವೆಂಬರ್‌ನಲ್ಲಿ.

ಬ್ರೋಕರ್ ಹತ್ತಿರ ಇದಕ್ಕೆ ಉತ್ತರ ರೆಡಿ ಇತ್ತು. 2022ರಿಂದ ತೆರಿಗೆ ಇಲಾಖೆಯೇ 1982ರ ಜನವರಿ 1ರ ನಂತರದ ಮನೆಗಳನ್ನು ಹೊಸ ನಿಯಮದವು ಅಂತ ಒಪ್ಪುತ್ತದೆ ಅಂದರು. ಮಾತು ಸುಳ್ಳಲ್ಲ. ಆದರೆ ಅದು ಸ್ವಂತ ವಾಸಕ್ಕೆ ಸಾಲ ಮಾಡಿ ಮನೆ ಕೊಂಡವರಿಗೆ ಸಿಗುವ ತೆರಿಗೆ ರಿಯಾಯಿತಿಯ ವಿಷಯ. ಬಾಡಿಗೆಗೆ ಕೊಡುವವರಿಗೆ ಅದರಿಂದ ಏನೂ ಸಿಗುವುದಿಲ್ಲ, ಕಂಬ ತೊಲೆ ಗಟ್ಟಿಯಾಗುವುದಂತೂ ಇಲ್ಲವೇ ಇಲ್ಲ. ಹಳೇ ನಿಯಮದ ಕಟ್ಟಡವೆಲ್ಲ ನಾಳೆಯೇ ಬೀಳುತ್ತದೆ ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆ ಮಾಡಿಸಿ ಬಲಪಡಿಸಿದವೂ ಇವೆ. ಇಲ್ಲಿ ಪರೀಕ್ಷೆಯನ್ನೇ ಮಾಡಿಸಿರಲಿಲ್ಲ. ಯಾಕೆ ಅನ್ನುವುದು ಆಮೇಲೆ ಗೊತ್ತಾಯಿತು.

ನೀರಿನ ಅಪಾಯವನ್ನೂ ನೋಡಿದೆವು. ಗ್ಯೋಟೊಕು ತಗ್ಗು ಪ್ರದೇಶ, ಒಂದು ಕಡೆ ಎಡೊ ನದಿ, ಇನ್ನೊಂದು ಕಡೆ ಟೋಕಿಯೋ ಕೊಲ್ಲಿ. 2020ರ ಆಗಸ್ಟ್‌ನಿಂದ ಮಾರುವಾಗ ಪ್ರವಾಹದ ನಕ್ಷೆ ತೋರಿಸಿ ವಿವರಿಸುವುದು ಕಡ್ಡಾಯ. ಆದರೆ ಹೊಳೆಯ ಈಚೆ ದಡದ ಎಡೊಗಾವಾ ವಾರ್ಡೇ 2019ರಲ್ಲಿ ಪ್ರವಾಹದ ನಕ್ಷೆಯ ಮುಖಪುಟದ ಮೇಲೆ, ಇಲ್ಲೇ ಉಳಿಯಬೇಡಿ ಅಂತ ತನ್ನ ಜನಕ್ಕೇ ಅಚ್ಚು ಹಾಕಿಸಿತ್ತು, ಅಂಥ ಕಡೆ ಇವನು ವರ್ಷಗಳಿಂದ ಆರಾಮವಾಗಿ ಬಾಡಿಗೆಗಿದ್ದಾನೆ. ಹಾಗಾಗಿ ಆ ಭಯ ಅವನಿಗೆ ಹೊಸದಲ್ಲ. ನಾಲ್ಕನೇ ಮಹಡಿ ಬೇರೆ. ಬಿಟ್ಟೆವು.

ಕಟ್ಟಡ ನೋಡಲು ಹೋದಾಗ ಮನೆಯ ಒಳಗೆ ಬಿಡಲಿಲ್ಲ. ಬಾಡಿಗೆದಾರರು ಇರುವ ಹಾಗೆಯೇ ಮಾಲೀಕ ಮಾತ್ರ ಬದಲಾಗುವ ಮಾರಾಟದಲ್ಲಿ ಇದು ಮಾಮೂಲು. 68 ಲಕ್ಷ ರೂಪಾಯಿಯ ಮನೆಯನ್ನು ಹೊರಗಿನ ಬಾಗಿಲು ನೋಡಿ ಕೊಳ್ಳಬೇಕು! ಬ್ರೋಕರ್ ತೋರಿಸಿದ್ದು ಹಳೇ ಫೋಟೋಗಳನ್ನು. ಆದರೆ ಗೆಳೆಯನ ಹೆಂಡತಿ ಕೆಳಗೆ ಅಂಚೆ ಪೆಟ್ಟಿಗೆಗಳ ಹತ್ತಿರ ನಿಂತು ಎಣಿಸುತ್ತಿದ್ದರು. ಇಲ್ಲಿ ಖಾಲಿ ಮನೆಯ ಪೆಟ್ಟಿಗೆಯ ಬಾಯಿಗೆ ಟೇಪ್ ಅಂಟಿಸುತ್ತಾರೆ, ಪಾಂಪ್ಲೆಟ್ ತುಂಬಿಕೊಳ್ಳಬಾರದು ಅಂತ. 48ರಲ್ಲಿ ಏಳಕ್ಕೆ ಟೇಪ್ ಇತ್ತು. ನೋಟಿಸ್ ಬೋರ್ಡಿನಲ್ಲಿ ನೀರು ಸೋರಿಕೆಯ ಬಗ್ಗೆ ಒಂದು ಚೀಟಿ. ಅಷ್ಟು ಹೊತ್ತಿಗೆ ನನಗೆ ಮನೆಗಿಂತ ಮಾಲೀಕರ ಸಂಘದ ಕಾಗದ ನೋಡುವ ಆಸೆ ಜಾಸ್ತಿ ಆಗಿತ್ತು.

ಜಪಾನಿನಲ್ಲಿ ಪ್ರತಿ ಫ್ಲ್ಯಾಟ್ ಕಟ್ಟಡಕ್ಕೂ ಮಾಲೀಕರ ಸಂಘ ಇರುತ್ತದೆ, ಕೊಂಡವರು ಕಾನೂನಿನ ಪ್ರಕಾರ ತಾವಾಗಿಯೇ ಸದಸ್ಯರಾಗುತ್ತಾರೆ, ಬೇಡ ಅನ್ನುವ ಹಾಗಿಲ್ಲ. ತಿಂಗಳಿಗೆ ಎರಡು ಥರದ ದುಡ್ಡು ಕಟ್ಟಬೇಕು. ಒಂದು ಮೇಂಟೆನೆನ್ಸ್, ಅಂದರೆ ಗುಡಿಸುವುದು, ಲಿಫ್ಟು, ದೀಪ. ಇನ್ನೊಂದು ರಿಪೇರಿ ನಿಧಿ, ಅಂದರೆ ಹನ್ನೆರಡು ಹದಿನೈದು ವರ್ಷಕ್ಕೊಮ್ಮೆ ಕಟ್ಟಡಕ್ಕೆಲ್ಲ ಸಾರವೆ ಕಟ್ಟಿ ಹೊರಗೋಡೆ, ತಾರಸಿ, ಪೈಪು ಎಲ್ಲ ಸರಿ ಮಾಡುತ್ತಾರಲ್ಲ, ಅದಕ್ಕೆ ಕೂಡಿಡುವುದು. ನಮ್ಮ ಕಡೆಯ ಕಾರ್ಪಸ್ ಫಂಡ್ ಇದ್ದ ಹಾಗೆ, ಆದರೆ ಪ್ರತಿ ತಿಂಗಳೂ ಕಟ್ಟುವುದು. ಈ ಫ್ಲ್ಯಾಟಿಗೆ ಮೇಂಟೆನೆನ್ಸ್ 11,200, ರಿಪೇರಿ ನಿಧಿ 5,600. ನಿಧಿಯನ್ನು ಚದರ ಮೀಟರಿಗೆ ಲೆಕ್ಕ ಹಾಕಿದರೆ 140 ಯೆನ್. ಭೂ ಮತ್ತು ಸಾರಿಗೆ ಸಚಿವಾಲಯದ ಮಾರ್ಗಸೂಚಿಯಲ್ಲಿ ಇಂಥ ಚಿಕ್ಕ ಕಟ್ಟಡಕ್ಕೆ, ಅಂದರೆ 20 ಮಹಡಿಗಿಂತ ಕಡಿಮೆ, 5,000 ಚದರ ಮೀಟರಿಗಿಂತ ಕಡಿಮೆ ಇರುವುದಕ್ಕೆ, ಸರಾಸರಿ 335 ಯೆನ್ ಅಂತ ಇದೆ. ಅಂದರೆ ಕಟ್ಟಬೇಕಾದ್ದು 13,400. ಕಟ್ಟುತ್ತಿರುವುದು ಅದರ ಅರ್ಧವೂ ಅಲ್ಲ.

ಸಂಘದ ಸ್ಥಿತಿಗತಿಯ ವರದಿಯನ್ನು ಕಟ್ಟಡ ನೋಡಿಕೊಳ್ಳುವ ಕಂಪನಿ ಶುಲ್ಕ ತಗೊಂಡು ಬ್ರೋಕರಿಗೆ ಕೊಡುತ್ತದೆ. ಸಾಮಾನ್ಯವಾಗಿ ಅದು ಕೊಳ್ಳುವವರ ಕೈಗೆ ಬರುವುದು ಕೊಳ್ಳುತ್ತೇನೆ ಅಂತ ಬರೆದುಕೊಟ್ಟ ಮೇಲೆ, ಕಾನೂನಿನ ಪ್ರಕಾರ ಪರವಾನಗಿ ಇರುವವರು ಎದುರು ಕೂತು ಮುಖ್ಯ ಸಂಗತಿಗಳನ್ನು ಓದಿ ಹೇಳುವ ದಿನ. ಆ ದಿನವೇ ಸಹಿಯೂ ಇರುತ್ತದೆ, ಯಾರು ತಾನೇ ಅಲ್ಲಿಂದ ಎದ್ದು ಬರುತ್ತಾರೆ? ಅದಕ್ಕೆ ಗೆಳೆಯ ಮೊದಲೇ ಕೊಡಿ, ಶುಲ್ಕ ನಾನೇ ಕೊಡುತ್ತೇನೆ ಅಂದ. ಬ್ರೋಕರಿಗೆ ಇಷ್ಟ ಆಗಲಿಲ್ಲ, ಕೊನೆಗೆ ಕೊಟ್ಟರು. ಜೊತೆಗೆ ಮೂರು ವರ್ಷದ ವಾರ್ಷಿಕ ಸಭೆಯ ನಡಾವಳಿ.

ಓದಿ ಮುಗಿಸಿದಾಗ ಸಿಕ್ಕ ಚಿತ್ರ ಇದು. ನಿಧಿಯಲ್ಲಿ ಇರುವುದು 1.9 ಕೋಟಿ ಯೆನ್. ಹಿಂದಿನ ದೊಡ್ಡ ರಿಪೇರಿ ಆದದ್ದು 2009ರಲ್ಲಿ, ಮುಂದಿನದಕ್ಕೆ ಆಗಲೇ ತಡವಾಗಿದೆ. ಇಂಥ ರಿಪೇರಿಗೆ ಮನೆಗೆ 10 ಲಕ್ಷ ಯೆನ್ ಅಂತ ಕಡಿಮೆಯೇ ಹಿಡಿದರೂ 48 ಮನೆಗೆ 4.8 ಕೋಟಿ, ಅಂದರೆ ಮನೆಗೆ ತಲಾ 6 ಲಕ್ಷ ಯೆನ್ ಕೊರತೆ. ಇದರಲ್ಲಿ ಪೈಪು ಸೇರಿಲ್ಲ. ಆ ಕಾಲದ ಕಟ್ಟಡಗಳಲ್ಲಿ ಬಚ್ಚಲಿನ ನೀರು ಹೋಗುವ ಪೈಪು ನಮ್ಮ ನೆಲದ ಕಾಂಕ್ರೀಟು ದಾಟಿ ಕೆಳಗಿನ ಮನೆಯ ಸೂರಿನೊಳಗೆ ಹೋಗಿರುವುದು ಉಂಟು. ಇಲ್ಲೂ ಹಾಗೆಯೇ ಇತ್ತು. ಬದಲಾಯಿಸಬೇಕು ಅಂದರೆ ಕೆಳಗಿನವರ ಸೂರು ಒಡೆಯಬೇಕು, ಅವರು ಒಪ್ಪಬೇಕು. ಸೋರಿಕೆ ಆಗಲೇ ಬೇರೆ ಸಾಲಿನ ಮನೆಗಳಲ್ಲಿ ಶುರುವಾಗಿತ್ತು.

ಮಾರುತ್ತಿರುವ ಮಾಲೀಕರು ಎಂಟು ತಿಂಗಳಿಂದ ಸಂಘಕ್ಕೆ ದುಡ್ಡು ಕಟ್ಟಿಲ್ಲ ಅನ್ನುವುದೂ ಆ ವರದಿಯಲ್ಲೇ ಇತ್ತು, 1,34,400 ಯೆನ್. ಫ್ಲ್ಯಾಟ್ ಮಾಲೀಕತ್ವದ ಕಾನೂನಿನ 8ನೇ ಕಲಮಿನ ಪ್ರಕಾರ ಸಂಘ ಈ ಬಾಕಿಯನ್ನು ಹೊಸ ಮಾಲೀಕರಿಂದಲೂ ವಸೂಲಿ ಮಾಡಬಹುದು. ಇದು ದೊಡ್ಡ ತಲೆನೋವಲ್ಲ, ದುಡ್ಡು ಕೊಡುವ ದಿನ ಬೆಲೆಯಲ್ಲೇ ಮುರಿದುಕೊಳ್ಳುತ್ತಾರೆ. ಆದರೆ ಗೊತ್ತಿರಬೇಕು.

ನನಗೆ ಇಡೀ ಪ್ರಕರಣದ ಕೀಲಿ ಸಿಕ್ಕಿದ್ದು ನಡಾವಳಿಯಲ್ಲಿ. 48 ಮನೆಯಲ್ಲಿ 29 ಮನೆಯ ಮಾಲೀಕರು ಅಲ್ಲಿ ಇಲ್ಲ, ಬಾಡಿಗೆಗೆ ಕೊಟ್ಟಿದ್ದಾರೆ ಅಥವಾ ಖಾಲಿ ಬಿಟ್ಟಿದ್ದಾರೆ. ಅಲ್ಲೇ ವಾಸ ಇರುವ ಕೆಲವು ವಯಸ್ಸಾದವರು ನಿಧಿಯನ್ನು ಚದರ ಮೀಟರಿಗೆ 250 ಯೆನ್‌ಗೆ ಏರಿಸೋಣ ಅಂತ ತಂದ ಪ್ರಸ್ತಾಪ ಬಿದ್ದುಹೋಗಿದೆ. ಬೀಳಿಸಿದ್ದು ಹೊರಗಿನ ಮಾಲೀಕರು ಅಂಚೆಯಲ್ಲಿ ಕಳಿಸಿದ ವೋಟುಗಳು. ಭೂಕಂಪದ ಪರೀಕ್ಷೆ ಮಾಡಿಸೋಣ ಅಂತ ಒಬ್ಬರು ಕೇಳಿದ್ದಾರೆ. ಅದನ್ನೂ ಮುಂದಕ್ಕೆ ಹಾಕಿದ್ದಾರೆ. ಪರೀಕ್ಷೆ ಮಾಡಿಸಿದ್ದರೆ ಅದರ ಫಲಿತಾಂಶವನ್ನು ಮಾರುವಾಗ ಹೇಳಲೇಬೇಕು, ಮಾಡಿಸದೇ ಇದ್ದರೆ 'ಮಾಡಿಸಿಲ್ಲ' ಅಂತ ಬರೆದರೆ ಸಾಕು. ಗೊತ್ತಿಲ್ಲದೇ ಇರುವುದೇ ಲಾಭ, ನೋಡಿ.

ಹೊರಗಿನ ಮಾಲೀಕರಿಗೆ ಬೇಕಾದ್ದು ತಿಂಗಳ ಕೊನೆಗೆ ಉಳಿಯುವ ದುಡ್ಡು. ನಿಧಿ ಏರಿದರೆ ಅದು ಇಳಿಯುತ್ತದೆ, ಮಾರುವಾಗ ಬೆಲೆಯೂ ಇಳಿಯುತ್ತದೆ. ಆದ್ದರಿಂದ ಏರಲು ಬಿಡುವುದಿಲ್ಲ. ಗೆಳೆಯನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ನಾನು ಕೊಂಡ್ರೆ ನಾನೂ ಬೇಡ ಅಂತಲೇ ವೋಟ್ ಹಾಕ್ತೀನಿ ಅಲ್ವೇನೋ" ಅಂದ. ಹೌದು, ಹಾಕುತ್ತಾನೆ. ಅದರಲ್ಲೇ ಸಮಸ್ಯೆ ಇರುವುದು.

ಇನ್ನು ಬಾಡಿಗೆ. 82,000 ಕೊಡುತ್ತಿರುವವರು ಹನ್ನೊಂದು ವರ್ಷದಿಂದ ಇದ್ದಾರೆ. ಅದೇ ಕಟ್ಟಡದಲ್ಲಿ, ಅದೇ ಅಳತೆಯ ಖಾಲಿ ಮನೆಗೆ ಆಗ ಹಾಕಿದ್ದ ಬಾಡಿಗೆ 72,000. ಹಳೇ ಬಾಡಿಗೆದಾರರು ಸುಮ್ನೆ ಹಳೇ ದರವನ್ನೇ ಕಟ್ಟಿಕೊಂಡು ಹೋಗುವುದು ಇಲ್ಲಿ ಸಾಮಾನ್ಯ. ಅವರು ಬಿಟ್ಟುಹೋದ ದಿನ ಬಾಡಿಗೆ ಹತ್ತು ಸಾವಿರ ಇಳಿಯುತ್ತದೆ, ಜೊತೆಗೆ ಮನೆ ಸರಿ ಮಾಡುವ ಖರ್ಚು. ಗೋಡೆಗೆ ಅಂಟಿಸಿದ ಕಾಗದದ ಬೆಲೆ ಆರು ವರ್ಷಕ್ಕೆ ಒಂದು ಯೆನ್‌ಗೆ ಇಳಿಯುತ್ತದೆ ಅಂತ ಸಚಿವಾಲಯದ ಮಾರ್ಗಸೂಚಿಯೇ ಹೇಳುತ್ತದೆ. ಹನ್ನೊಂದು ವರ್ಷ ಇದ್ದವರಿಂದ ಅದಕ್ಕೆ ಹೆಚ್ಚೇನೂ ಕೇಳುವ ಹಾಗಿಲ್ಲ. ಬಚ್ಚಲು, ಅಡುಗೆಕಟ್ಟೆ, ತತಾಮಿ ಚಾಪೆಯ ಕೋಣೆ ಎಲ್ಲ ಬದಲಾಯಿಸಿದರೆ 12 ಲಕ್ಷ ಯೆನ್ ಆಗಬಹುದು ಅಂತ ಒಬ್ಬ ಮೇಸ್ತ್ರಿ ಅಂದಾಜು ಕೊಟ್ಟರು, ಅದೂ ಒಳಗೆ ನೋಡದೆ. ಸರಿ, ನಾನೇ ಹೋಗಿ ಇರುತ್ತೇನೆ, ಬಿಡಿ ಅಂತ ಬಾಡಿಗೆದಾರರಿಗೆ ಹೇಳಲು ಆಗುತ್ತದೆಯೇ? ಸುಲಭವಾಗಿ ಆಗುವುದಿಲ್ಲ. ಮಾಮೂಲು ಬಾಡಿಗೆ ಕರಾರು ಮುಂದುವರಿಸುವುದಿಲ್ಲ ಅನ್ನಲು ಇಲ್ಲಿನ ಕಾನೂನು ಗಟ್ಟಿ ಕಾರಣ ಕೇಳುತ್ತದೆ.

ಈಗ ಲೆಕ್ಕ. ಕೊಳ್ಳುವ ಖರ್ಚು: ಬ್ರೋಕರಿಗೆ ಬೆಲೆಯ 3 ಪರ್ಸೆಂಟ್, ಮೇಲೆ 60,000 ಯೆನ್, ಅದರ ಮೇಲೆ 10 ಪರ್ಸೆಂಟ್ ತೆರಿಗೆ, ಒಟ್ಟು 4,62,000. ನೋಂದಣಿ, ಸ್ಟಾಂಪು, ಆಮೇಲೆ ಬರುವ ಆಸ್ತಿ ಖರೀದಿ ತೆರಿಗೆ ಎಲ್ಲ ಸೇರಿ ಕೈಯಿಂದ ಹೋಗುವುದು 1 ಕೋಟಿ 28 ಲಕ್ಷ 50 ಸಾವಿರ ಯೆನ್. ವರ್ಷದ ಖರ್ಚು: ಸಂಘಕ್ಕೆ 2,01,600, ಬಾಡಿಗೆ ನೋಡಿಕೊಳ್ಳುವ ಏಜೆನ್ಸಿಗೆ 5 ಪರ್ಸೆಂಟ್ ಅಂದರೆ 49,200, ಆಸ್ತಿ ತೆರಿಗೆ 52,000, ವಿಮೆ 12,000. ಉಳಿಯುವುದು 6,69,200. ಅಂದರೆ ಕೈಯಿಂದ ಹಾಕಿದ ದುಡ್ಡಿನ 5.2 ಪರ್ಸೆಂಟ್. ಬಾಡಿಗೆಯನ್ನು 72,000ಕ್ಕೆ ಇಳಿಸಿ, ಮನೆ ಆಗಾಗ ಖಾಲಿ ಬೀಳುವುದಕ್ಕೆ, ಹೊಸಬರನ್ನು ಹುಡುಕುವುದಕ್ಕೆ ವರ್ಷಕ್ಕೆ 60,000 ಹಿಡಿದರೆ ಉಳಿಯುವುದು 4,95,200, ಅಂದರೆ 3.9. ರಿಪೇರಿ ನಿಧಿ ಮಾರ್ಗಸೂಚಿಯ ಮಟ್ಟಕ್ಕೆ ಏರಿತು ಅಂತಿಟ್ಟುಕೊಳ್ಳಿ, ವರ್ಷಕ್ಕೆ ಇನ್ನೂ 93,600 ಹೋಗುತ್ತದೆ. ಉಳಿಯುವುದು 4,01,600, ಅಂದರೆ 3.1 ಪರ್ಸೆಂಟ್. ಆದಾಯ ತೆರಿಗೆ ಇನ್ನೂ ಕಟ್ಟಿಲ್ಲ, ಆ 12 ಲಕ್ಷ ಸೇರಿಸಿಲ್ಲ, ಮನೆಗೆ ತಲಾ 6 ಲಕ್ಷದ ಕೊರತೆಯನ್ನೂ ಸೇರಿಸಿಲ್ಲ.

ಸಾಲದ ಕಥೆ ಇನ್ನೂ ಚೆಂದ. ಕಾಂಕ್ರೀಟ್ ಮನೆಯ ಆಯುಷ್ಯ ತೆರಿಗೆ ಕಾನೂನಿನಲ್ಲಿ 47 ವರ್ಷ. ಎಷ್ಟೋ ಬ್ಯಾಂಕುಗಳು 47ರಲ್ಲಿ ಕಟ್ಟಡದ ವಯಸ್ಸು ಕಳೆದು ಉಳಿದಷ್ಟೇ ವರ್ಷಕ್ಕೆ ಸಾಲ ಕೊಡುತ್ತವೆ, ಇಲ್ಲಿ ಉಳಿದದ್ದು ನಾಲ್ಕು. ಪರ್ಮನೆಂಟ್ ರೆಸಿಡೆನ್ಸಿ ಇಲ್ಲದ ವಿದೇಶಿಯವನು ಅಂದಮೇಲೆ ಇನ್ನೂ ಕಷ್ಟ. ಬ್ಯಾಂಕ್ ಅಲ್ಲದ ಒಂದು ಫೈನಾನ್ಸ್ ಕಂಪನಿ 60 ಲಕ್ಷ ಯೆನ್ ಕೊಡಲು ಒಪ್ಪಿತು, 3.9 ಪರ್ಸೆಂಟ್, 15 ವರ್ಷ, ತಿಂಗಳ ಕಂತು ಸುಮಾರು 44,000. ವರ್ಷಕ್ಕೆ 5,28,000. ಮೇಲಿನ ಕೊನೆಯ ಲೆಕ್ಕದಲ್ಲಿ ಉಳಿಯುವುದೇ 4 ಲಕ್ಷ. ಕೈಯಿಂದ ಹಾಕಿ ಬಾಡಿಗೆದಾರರನ್ನು ಸಾಕಬೇಕು! ಬಡ್ಡಿಯೂ ಏರುವ ದಿಕ್ಕಿನಲ್ಲೇ ಇದೆ. ಬ್ಯಾಂಕ್ ಆಫ್ ಜಪಾನ್ 2024ರ ಮಾರ್ಚ್‌ನಲ್ಲಿ ಸೊನ್ನೆಗಿಂತ ಕೆಳಗಿದ್ದ ಬಡ್ಡಿಯನ್ನು ಕೈಬಿಟ್ಟಿತು, 2025ರ ಜನವರಿಗೆ ಅದು 0.5 ಆಯಿತು.

ಬ್ರೋಕರ್ ಕೊನೆಯ ಅಸ್ತ್ರ ತೆಗೆದರು: ತೆರಿಗೆ ಉಳಿತಾಯ. ಹಳೇ ಕಟ್ಟಡವಾದ್ದರಿಂದ ಸವಕಳಿಯನ್ನು, ಅಂದರೆ ಕಟ್ಟಡ ಹಳತಾಗಿ ಕಳೆದುಕೊಳ್ಳುವ ಬೆಲೆಯನ್ನು, 12 ವರ್ಷದಲ್ಲೇ ಖರ್ಚು ಅಂತ ಬರೆದುಕೊಳ್ಳಬಹುದು, ಕಾಗದದ ಮೇಲೆ ನಷ್ಟ ತೋರಿಸಿ ಸಂಬಳದ ತೆರಿಗೆ ಇಳಿಸಿಕೊಳ್ಳಬಹುದು ಅಂತ. ಇದು ನಿಜ. ಆದರೆ ಬರೆದುಕೊಂಡಷ್ಟೂ ಲೆಕ್ಕದ ಪುಸ್ತಕದಲ್ಲಿ ಮನೆಯ ಬೆಲೆ ಇಳಿಯುತ್ತದೆ, ಮಾರುವಾಗ ಅಷ್ಟೂ ಲಾಭ ಅಂತ ಕಾಣುತ್ತದೆ. ಮಾರುವ ವರ್ಷದ ಜನವರಿ 1ಕ್ಕೆ ಕೊಂಡು ಐದು ವರ್ಷ ದಾಟಿರದಿದ್ದರೆ ಆ ಲಾಭದ ಮೇಲೆ ತೆರಿಗೆ 39.63 ಪರ್ಸೆಂಟ್, ದಾಟಿದ್ದರೆ 20.315. ಸಂಬಳದ ಮೇಲಿನ ದರ ತುಂಬಾ ಜಾಸ್ತಿ ಇರುವವರಿಗೆ ಇದರಲ್ಲಿ ಏನೋ ಸಿಗಬಹುದು. ಇವನಿಗೆ ಅಷ್ಟೇನೂ ಇಲ್ಲ.

"ಆದ್ರೂ ಭೂಮಿ ಇದೆಯಲ್ಲೋ" ಅಂದ ಕೊನೆಗೆ. ಬೆಂಗಳೂರಿನ ಯೋಚನೆ ಇದು: ಕಟ್ಟಡ ಹೋದರೂ ಜಾಗದ ಪಾಲು ಉಳಿಯುತ್ತದೆ, ಬಿಲ್ಡರ್ ಬಂದು ಹೊಸದು ಕಟ್ಟಿಕೊಡುತ್ತಾನೆ. ಇಲ್ಲಿ ಪಾಲು ಇರುವುದು ನಿಜ, ಅದನ್ನು ದುಡ್ಡಾಗಿ ಮಾಡುವುದು ಕಷ್ಟ. ಕೆಡವಿ ಕಟ್ಟಲು ಐದರಲ್ಲಿ ನಾಲ್ಕು ಪಾಲು ಮಾಲೀಕರು ಒಪ್ಪಬೇಕು. 2025ರಲ್ಲಿ ತಿದ್ದಿದ ಕಾನೂನು 2026ರ ಏಪ್ರಿಲ್ 1ರಿಂದ ಜಾರಿ. ಅದರ ಪ್ರಕಾರ ಭೂಕಂಪ ತಡೆಯುವ ಶಕ್ತಿ ಸಾಲದು ಅಂತ ಗೊತ್ತಾದ ಕಟ್ಟಡಗಳಿಗೆ ನಾಲ್ಕರಲ್ಲಿ ಮೂರು ಸಾಕು, ಪತ್ತೆಯೇ ಇಲ್ಲದ ಮಾಲೀಕರನ್ನು ಕೋರ್ಟಿನ ಮೂಲಕ ಲೆಕ್ಕದಿಂದ ಬಿಡಬಹುದು. ಆದರೂ ದುಡ್ಡು ಮಾಲೀಕರೇ ಹಾಕಬೇಕು. 2023ರ ಕೊನೆಗೆ ಜಪಾನಿನಲ್ಲಿ 40 ವರ್ಷ ದಾಟಿದ ಫ್ಲ್ಯಾಟುಗಳು ಸುಮಾರು 13.7 ಲಕ್ಷ. ಅಲ್ಲಿವರೆಗೆ ಕೆಡವಿ ಹೊಸದಾಗಿ ಕಟ್ಟಿದ ಕಟ್ಟಡಗಳು ದೇಶದಲ್ಲೆಲ್ಲ ಸೇರಿ 300 ಕೂಡ ಇಲ್ಲ.

ಸಂಘವೇ ಸತ್ತುಹೋದರೆ ಏನಾಗುತ್ತದೆ ಅನ್ನುವುದಕ್ಕೆ ಶಿಗಾ ಪ್ರಾಂತ್ಯದ ಯಾಸು ನಗರದ ಕಟ್ಟಡ ಇದೆ. 1972ರದು, ಮೂರು ಮಹಡಿ, ಒಂಬತ್ತೇ ಮನೆ. ಎಲ್ಲರೂ ಬಿಟ್ಟುಹೋಗಿದ್ದರು, ಗೋಡೆ ಕುಸಿದು ಕಲ್ನಾರು (ಆಸ್ಬೆಸ್ಟಾಸ್) ಹೊರಗೆ ಕಾಣುತ್ತಿತ್ತು. ಮಾಲೀಕರು ಒಟ್ಟಾಗಿ ಒಪ್ಪದೇ ಇದ್ದದ್ದರಿಂದ 2020ರಲ್ಲಿ ನಗರಾಡಳಿತವೇ ಕೆಡವಿತು. ಖರ್ಚು ಸುಮಾರು 11.8 ಕೋಟಿ ಯೆನ್. ಬಿಲ್ಲು ಮಾಲೀಕರಿಗೆ ಹೋಯಿತು, ತಲೆಗೆ 1.3 ಕೋಟಿ ಯೆನ್. ಗ್ಯೋಟೊಕು ಅಂಥ ಜಾಗ ಅಲ್ಲ, ಅಲ್ಲಿ ಬಾಡಿಗೆಗೆ ಜನ ಇದ್ದೇ ಇರುತ್ತಾರೆ. ಆದರೆ ಜಾಗದ ಪಾಲಿಗೆ ಬೆಲೆ ಸೊನ್ನೆಗಿಂತ ಕೆಳಗೂ ಹೋಗಬಹುದು ಅನ್ನುವುದು ಅವನ ತಲೆಗೆ ಹೋದದ್ದು ಇದನ್ನು ಕೇಳಿದ ಮೇಲೆ.

ಊರಿಗೆ ವಾಪಸ್ ಹೋಗುವ ಯೋಚನೆ ಇರುವವರಿಗೆ ಇನ್ನೂ ಒಂದಿಷ್ಟು. ಜಪಾನಿನಲ್ಲಿ ಇದ್ದಾಗ ಕೊಂಡ ಆಸ್ತಿಯನ್ನು ಭಾರತಕ್ಕೆ ಮರಳಿದ ಮೇಲೂ ಇಟ್ಟುಕೊಳ್ಳಲು ಫೆಮಾ, ಅಂದರೆ ಭಾರತದ ವಿದೇಶಿ ವಿನಿಮಯ ಕಾನೂನು, ಬಿಡುತ್ತದೆ. ಆದರೆ ಅಲ್ಲಿ ಪೂರ್ಣ ನಿವಾಸಿಯಾದ ಮೇಲೆ ಇಲ್ಲಿನ ಬಾಡಿಗೆಯನ್ನೂ ಅಲ್ಲಿ ತೋರಿಸಬೇಕು, ರಿಟರ್ನ್ಸಿನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಬೇಕು. ಜಪಾನಿನಲ್ಲಿ ತೆರಿಗೆ ಕಾಗದ ನೋಡಿಕೊಳ್ಳಲು ಒಬ್ಬ ಪ್ರತಿನಿಧಿಯನ್ನು ನೇಮಿಸಬೇಕು. ಹೊರದೇಶದಲ್ಲಿರುವ ಮಾಲೀಕರಿಗೆ ಕಂಪನಿಯೊಂದು ಬಾಡಿಗೆ ಕಟ್ಟುವುದಾದರೆ 20.42 ಪರ್ಸೆಂಟ್ ಹಿಡಿದುಕೊಂಡೇ ಕಟ್ಟುತ್ತದೆ. ಯೆನ್ ಬೇರೆ. 2012ರಲ್ಲಿ 100 ಯೆನ್‌ಗೆ 65 ರೂಪಾಯಿಯ ಮೇಲೆ ಸಿಗುತ್ತಿತ್ತು, 2024ರಲ್ಲಿ 55ರ ಆಸುಪಾಸು. ಯೆನ್ ಬಿದ್ದಿದೆ, ಮತ್ತೆ ಏಳುತ್ತದೆ ಅಂತ ಕೊಳ್ಳುವವರು ಬಹಳ. ಅದು ಮನೆಯ ಮೇಲಿನ ಹೂಡಿಕೆ ಅಲ್ಲ, ಯೆನ್ ಮೇಲಿನ ಬಾಜಿ. ಬಾಜಿ ಕಟ್ಟಬೇಕಾದರೆ ಸೋರುವ ಪೈಪು ಯಾಕೆ ಬೇಕು?

ಅವನು 80 ಲಕ್ಷ ಯೆನ್‌ಗೆ ಕೇಳಿದ. ಲೆಕ್ಕದ ಹಾಳೆಯನ್ನೂ ಕೊಟ್ಟ. ಬ್ರೋಕರ್ ಅದನ್ನು ಮಾಲೀಕರಿಗೆ ತೋರಿಸಿದರೋ ಇಲ್ಲವೋ, ಕೆಲವು ದಿನ ಬಿಟ್ಟು ಬೇರೆಯವರು 1 ಕೋಟಿ 15 ಲಕ್ಷ ನಗದು ಕೊಟ್ಟು ಕೊಂಡರು ಅಂತ ಹೇಳಿದರು. ಬಾಡಿಗೆದಾರರು ಇನ್ನೂ ಹತ್ತು ವರ್ಷ ಅಲ್ಲೇ ಇದ್ದರೆ, ಸಂಘ ಹೀಗೇ ತೂಕಡಿಸುತ್ತಿದ್ದರೆ, ದೊಡ್ಡ ಭೂಕಂಪ ಆಗದಿದ್ದರೆ ಆ ಕೊಂಡವರಿಗೆ ಲಾಭವೇ ಆಗಬಹುದು. ಅದನ್ನು ಅಲ್ಲಗಳೆಯುವುದಿಲ್ಲ.

ಈಗ ಗೆಳೆಯ ಮತ್ತು ಅವನ ಹೆಂಡತಿ ಇನ್ನೊಂದನ್ನು ನೋಡುತ್ತಿದ್ದಾರೆ. ಅದೇ ಲೈನು, 1993ರ ಕಟ್ಟಡ, ಜಾಹೀರಾತಿನಲ್ಲಿ ಬರೀ 6.1 ಪರ್ಸೆಂಟ್. ರಿಪೇರಿ ನಿಧಿ ಚದರ ಮೀಟರಿಗೆ 310 ಯೆನ್, ಪೈಪು ಬದಲಾಯಿಸಿ ಎರಡು ವರ್ಷ ಆಗಿದೆ, ಮಾಲೀಕರಲ್ಲಿ ಮುಕ್ಕಾಲು ಪಾಲು ಅಲ್ಲೇ ವಾಸ. ಈ ಸಲ ನಡಾವಳಿಯನ್ನು ಅವನ ಹೆಂಡತಿಯೇ ಮೊದಲು ತರಿಸಿಕೊಂಡರು. ಬೆಲೆಯ ಮಾತು ಇನ್ನೂ ನಡೆಯುತ್ತಿದೆ. ಬ್ಯಾಂಕು 15 ವರ್ಷಕ್ಕೆ ಸಾಲ ಕೊಡಬಹುದು ಅಂದಿದೆ, ಪರ್ಮನೆಂಟ್ ರೆಸಿಡೆನ್ಸಿ ಕೈಗೆ ಬಂದ ಮೇಲೆ.